ಎಂಟನೇ ಮಹಡಿಯ ನಗು

ಮಂಡಿ ಊದಿಕೊಂಡಿತ್ತು. ಅವತ್ತು ಲಿಫ್ಟಿನಲ್ಲಿ ಇಳಿಯದೆ ಬೇರೆ ದಾರಿಯೇ ಇಲ್ಲ ಎಂಬುದು ಹಾಸಿಗೆಯಿಂದ ಕಾಲು ಕೆಳಗಿಟ್ಟಾಗಲೇ ಅವಳಿಗೆ ಗೊತ್ತಾಗಿ, ಮಂಡಿಯ ನೋವಿಗಿಂತ ಆ ವಿಚಾರವೇ ಹೆಚ್ಚು ಚುಚ್ಚಿತು. ಗಂಡ ಬಿಸಿನೀರಿನ ಚೀಲ ತಂದು ಮಂಡಿಯ ಮೇಲಿಟ್ಟು, ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತ, ಲಿಫ್ಟ್ ಮಾರುವ ಕಂಪನಿಯ ಯಜಮಾನಿ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಸಿಕೊಂಡಳು ಎಂದು ಜನಕ್ಕೆ ಗೊತ್ತಾದರೆ ನಾಳೆಯಿಂದ ನಿಮ್ಮ ಮಾಲು ಯಾರು ಕೊಳ್ಳುತ್ತಾರೆ ಎಂದು ಕೇಳಿದ. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಹುಡುಗರಿಲ್ಲದ ಮೇಲೆ ಅವನ ತಮಾಷೆಗಳಿಗೆಲ್ಲ ಇವಳೊಬ್ಬಳೇ ತರಗತಿ. ಅವಳು ನಕ್ಕಳು. ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದು ಎಷ್ಟೋ ವರ್ಷವಾಗಿತ್ತು. ಆರೋಗ್ಯಕ್ಕೆ ಎಂದು ಮನೆಯವರು ನಂಬಿದ್ದರು. ಶಿಸ್ತು ಎಂದು ಪತ್ರಿಕೆಯೊಂದು ಬರೆದಿತ್ತು, ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ ಫೋಟೋ ಸಮೇತ. ಆಮೇಲೆ ಆಫೀಸಿನಲ್ಲಿ ಒಂದಷ್ಟು ಗಂಡಸರು ಅವಳ ಕಣ್ಣಿಗೆ ಬೀಳಲೆಂದೇ ಮೆಟ್ಟಿಲು ಹತ್ತಲು ಶುರುಮಾಡಿ, ನಡುವಿನ ಯಾವುದಾದರೂ ತಿರುವಿನಲ್ಲಿ ಗೋಡೆಗೆ ಒರಗಿ, ಅವಳು ದಾಟಿಹೋಗುವಾಗ ಫೋನಿನಲ್ಲಿ ಯಾರ ಜೊತೆಗೋ ಮಾತಾಡುವ ಹಾಗೆ ನಟಿಸುತ್ತ ಏದುಸಿರು ಮರೆಸುತ್ತಿದ್ದರು. ನಿಜವಾದ ಕಾರಣ ಯಾರಿಗೂ ಹೇಳುವಂಥದ್ದಲ್ಲ. ಲಿಫ್ಟಿನೊಳಗೆ ಒಬ್ಬ ಹೆಂಗಸು ಮಾತಾಡುತ್ತಾಳೆ, ಅವಳಿಗೆ ಹೆದರಿ ನಾನು ಮೆಟ್ಟಿಲು ಹತ್ತುತ್ತೇನೆ ಎಂದು ಯಾರಿಗೆ, ಹೇಗೆ ಹೇಳುವುದು.

ಬೆಳಗ್ಗೆ ಕೆಳಗಿನ ತೋಟದಲ್ಲಿ ನಾಲ್ಕು ಹೆಜ್ಜೆ ನಡೆಯಲೆಂದು ಅಮ್ಮನೂ ಜೊತೆಗೆ ಹೊರಟಳು. ಮಗಳು ಅಪರೂಪಕ್ಕೆ ಲಿಫ್ಟಿಗೆ ಬರುತ್ತಿರುವುದು ಅಮ್ಮನಿಗೆ ಒಂಥರಾ ಸಂಭ್ರಮ. ತನ್ನ ಮನೆಗೆ ನೆಂಟರನ್ನು ಕರೆದೊಯ್ಯುವ ಹಾಗೆ ತಾನೇ ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಒಳಗೆ ಹಳೆಯ ಕನ್ನಡಿ, ಸೊಂಟದೆತ್ತರದ ಕಂಬಿ, ಮೂಲೆಯಲ್ಲಿ ಕಂಪನಿಯ ಹಿತ್ತಾಳೆ ಫಲಕ. ಅವಳು ಕನ್ನಡಿಗೆ ಬೆನ್ನುಹಾಕಿ ನಿಂತು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ ಎಂದಿತು ಧ್ವನಿ, ತಲೆಯ ಮೇಲಿನ ಪುಟ್ಟ ಜಾಲರಿಯಿಂದ. ಏನೂ ಬದಲಾಗಿರಲಿಲ್ಲ. ಆ ‘ದಯವಿಟ್ಟು’ ಎಂಬಲ್ಲಿ ಸ್ವಲ್ಪ ತಗ್ಗುವುದು, ‘ದೂರ’ ಎನ್ನುವಾಗ ಕೈಹಿಡಿದು ಪಕ್ಕಕ್ಕೆ ಸರಿಸಿದಂಥ ಸಲಿಗೆ, ಎಲ್ಲ ಹಾಗೇ ಇತ್ತು. ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು, “ಆಯ್ತಮ್ಮ, ನಿಂತೆ” ಎಂದು ಜಾಲರಿಯ ಕಡೆ ಮುಖವೆತ್ತಿ ಉತ್ತರ ಕೊಟ್ಟಳು. ದಿನಾ ಹೀಗೇ ಮಾಡುತ್ತಾಳಂತೆ. ಎಷ್ಟು ಮರ್ಯಾದೆಯಿಂದ ಮಾತಾಡುತ್ತಾಳೆ ನೋಡು, ನೀನೂ ಇದ್ದೀಯ, ಫೋನಿನಲ್ಲಿ ನಾಯಿ ಓಡಿಸಿದ ಹಾಗೆ ಮಾತಾಡುತ್ತೀಯ ಎಂದು ಮಗಳನ್ನು ಆಡಿಕೊಂಡಳು.

“ಅದು ಯಂತ್ರ ಅಮ್ಮಾ.”

“ಯಂತ್ರ ಆದ್ರೇನು, ಮಾತು ಶುರು ಮಾಡೋಕೆ ಮುಂಚೆ ಉಸಿರು ತಗೋತಾಳಲ್ಲ, ನಿಂಗೆ ಕೇಳ್ಸಲ್ವೇನೇ?”

ಅಮ್ಮನಿಗೆ ಕಿವಿ ಮಂದ. ಬಾಗಿಲ ಕರೆಗಂಟೆ ಕೇಳಿಸುವುದಿಲ್ಲ, ಅಳಿಯನ ತಮಾಷೆಗಳು ಕೇಳಿಸುವುದಿಲ್ಲ. ಆ ಉಸಿರು ಕೇಳಿಸಿದೆ. ಆ ಉಸಿರು ಹೇಗೆ ಒಳಸೇರಿತು ಎಂಬುದನ್ನು ಬಲ್ಲವರು ಜಗತ್ತಿನಲ್ಲಿ ಇಬ್ಬರೇ.

ಕಂಪನಿಯಲ್ಲಿ, ಆ ಧ್ವನಿ ಹಿಡಿದ ಕಾಲಕ್ಕೆ, ಹೆಂಗಸರೆಂದರೆ ಇವರಿಬ್ಬರೇ. ಯಂತ್ರಗಳ ವಿಭಾಗದಲ್ಲಿ ಒಬ್ಬಳು, ಲೆಕ್ಕಪತ್ರದಲ್ಲಿ ಇವಳು. ಗಂಡಸರಿಗೆ ಹೆಸರು ನೆನಪಿಡುವ ಕಷ್ಟ ಬೇಡವೆಂದು ಅವಳು ದೊಡ್ಡಕ್ಕ, ಇವಳು ಚಿಕ್ಕಕ್ಕ ಆದರು. ವಯಸ್ಸಿನಲ್ಲಿ ನಾಲ್ಕೈದು ವರ್ಷದ ಅಂತರ, ದನಿಯಲ್ಲಿ ನೆಲ ಮುಗಿಲಿನಷ್ಟು. ಲಿಫ್ಟು ಮಾತಾಡಬೇಕು, ಆದರೆ ಅದಕ್ಕಾಗಿ ಹೊರಗಿನವರಿಗೆ ಹಣ ಸುರಿಯುವುದು ಬೇಡ, ನಮ್ಮಲ್ಲೇ ಇಬ್ಬರಿದ್ದಾರಲ್ಲ ಎಂದು ದೊಡ್ಡ ಯಜಮಾನರು, ಅಂದರೆ ಕಂಪನಿ ಕಟ್ಟಿದ ಮುದುಕರು, ಇಬ್ಬರನ್ನೂ ಕರೆಸಿ ಮಾತಾಡಿಸಿ ನೋಡಿದರು. ಇವಳದು ಜಗಳಕ್ಕೆ ನಿಂತ ಹಾಗಿದೆಯಮ್ಮ, ಬಾಗಿಲು ಮುಚ್ಚುತ್ತಿದೆ ಅಂದರೆ ಜನ ಇಳಿದು ಓಡಿಹೋಗುತ್ತಾರೆ ಎಂದರು. ದೊಡ್ಡಕ್ಕನ ದನಿ ಗೆದ್ದಿತು. ಧ್ವನಿ ಹಿಡಿಯಲು ಬೇಕಾದ ಕೋಣೆ ಎಲ್ಲಿತ್ತು? ಕಾರ್ಖಾನೆಯ ಹಿಂದೆ, ಲಿಫ್ಟುಗಳನ್ನು ಓಡಿಸಿ ನೋಡುವ ಪರೀಕ್ಷಾ ಗೋಪುರದಲ್ಲಿ ನಿಂತಿದ್ದ ಕ್ಯಾಬಿನ್ನಿನೊಳಗೆ ಕೂತು, ಕಾವಲುಗಾರನ ಕಂಬಳಿಗಳನ್ನು ತಂದು ಇಬ್ಬರ ತಲೆಯ ಮೇಲೂ ಹೊದ್ದುಕೊಂಡು, ಇವಳು ಟೇಪ್‌ರೆಕಾರ್ಡರ್ ಹಿಡಿದಳು, ದೊಡ್ಡಕ್ಕ ಒಂದೊಂದೇ ಮಹಡಿ ಹೇಳಿದಳು. ಕಂಬಳಿಯೊಳಗೆ ಬೆವರು, ಅರೆಗತ್ತಲೆ, ಬೀಡಿಯ ವಾಸನೆ, ಧೂಳು. ಧೂಳೆಂದರೆ ಇವಳಿಗೆ ಆಗುವುದಿಲ್ಲ. ಏಳನೆಯದು ಮುಗಿಯುವಷ್ಟರಲ್ಲಿ ಮೂಗಿನೊಳಗೆ ಕಚಗುಳಿ ಶುರುವಾಗಿ, ಇವಳು ಮೂಗು ಹಿಸುಕಿ, ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಾಗ, ದೊಡ್ಡಕ್ಕ ಇವಳ ಮುಖ ನೋಡಿಬಿಟ್ಟಳು. ಎಂಟನೇ ಮಹಡಿ ಎನ್ನುವಾಗ ನಗು ತಡೆದಳು, ಪೂರ್ತಿ ತಡೆಯಲಾಗಲಿಲ್ಲ. ‘ಮಹಡಿ’ ಎಂಬುದರ ತುದಿಯಲ್ಲಿ ಒಂದು ನಡುಕ ಉಳಿಯಿತು. ಅದರ ಹಿಂದೆಯೇ ಇವಳು ಸೀನಿದಳು. ಸೀನನ್ನು ಕತ್ತರಿಸಿದರು, ನಡುಕ ಹಾಗೇ ಇರಲಿ ಎಂದು ಬಿಟ್ಟರು. ಯಾರಿಗೆ ಗೊತ್ತಾಗುತ್ತೆ ಬಿಡೇ ಎಂದಳು ದೊಡ್ಡಕ್ಕ. ಗೊತ್ತಾಗಲಿಲ್ಲ, ಯಾರಿಗೂ. ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ತಂಗಿಯ ಮನೆಯ ಕಟ್ಟಡದಲ್ಲಿ, ಎಲ್ಲಿಯೇ ಆಗಲಿ ಎಂಟನೇ ಮಹಡಿ ಬಂದರೆ ಸಾಕು, ಇವಳಿಗೆ ಆ ನಗು ಕೇಳಿ, ಕಂಬಳಿ ಮೇಲೆ ಬಿದ್ದ ಹಾಗಾಗುತ್ತಿತ್ತು.

ಕಂಪನಿಯ ಬೋರ್ಡ್ ರೂಮು ಇರುವುದು ಎಂಟನೇ ಮಹಡಿಯಲ್ಲೇ. ಕಾಲು ಎಳೆಯುತ್ತ ಲಿಫ್ಟಿನೊಳಗೆ ಹೋದಾಗ ಜೊತೆಗಿದ್ದ ಇಬ್ಬರು ಮಾರಾಟದವರು ಮೇಡಂ ಲಿಫ್ಟಿನಲ್ಲಿ ಎಂದು ಕಣ್ಣಲ್ಲೇ ಮಾತಾಡಿಕೊಂಡರು. ಐದನೇ ಮಹಡಿ, ಆರನೇ ಮಹಡಿ ಎಂದು ಧ್ವನಿ ಹೇಳುತ್ತ ಹೋದಂತೆ ಅವಳು ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಕೀಲಿಕೈ ಗೊಂಚಲನ್ನು ಜೋರಾಗಿ ಅಲುಗಿಸಿದಳು. ಆದರೂ ಕೇಳಿಸಿತು. ತುದಿಯ ಆ ನಡುಕ. ಮಾರಾಟದವರಲ್ಲಿ ಒಬ್ಬ ಬಾಗಿಲು ಹಿಡಿದು ನಿಂತು, ಇವತ್ತು ದೊಡ್ಡ ದಿನ ಅಲ್ವಾ ಮೇಡಂ ಎಂದ. ದೊಡ್ಡ ದಿನವೇ. ಹೊಸತನಕ್ಕೆಂದು ಕಂಪನಿ ಈ ವರ್ಷ ತೆಗೆದಿಟ್ಟ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುವ ದಿನ. ಎರಡು ಪ್ರಸ್ತಾಪಗಳಿದ್ದವು. ಒಂದು, ಯಂತ್ರವೇ ಹುಟ್ಟಿಸಿದ ಹೊಸ ಧ್ವನಿ. ಅದು ಲಿಫ್ಟಿಗೆ ಹತ್ತಿದವರ ಮುಖ ಗುರುತು ಹಿಡಿದು ಹೆಸರು ಕರೆದು ಮಾತಾಡಿಸುತ್ತದೆ. ಹೊಸ ಲಿಫ್ಟುಗಳಿಗಷ್ಟೇ ಅಲ್ಲ, ಹಳೆಯವಕ್ಕೂ ವರ್ಷದ ದುರಸ್ತಿಗೆ ಹೋದಾಗ ಹಳೆಯ ಧ್ವನಿಯ ಕಾರ್ಡು ಕಿತ್ತು ಅದನ್ನೇ ಸೇರಿಸುವುದು. ಇನ್ನೊಂದು, ಯಂತ್ರಗಳ ವಿಭಾಗದ ಎಂಜಿನಿಯರ್ ಹುಡುಗಿಯೊಬ್ಬಳದು: ಕರೆಂಟು ಹೋಗಿ ಲಿಫ್ಟು ನಡುವೆ ನಿಂತರೆ, ಬ್ಯಾಟರಿಯ ಹಂಗಿಲ್ಲದೆ ತನ್ನ ಭಾರದಿಂದಲೇ ಮೆಲ್ಲಗೆ ಹತ್ತಿರದ ಮಹಡಿ ಸೇರುವ ಸಾಧನ. ಬ್ಯಾಟರಿಯೇನೋ ಎಲ್ಲ ಲಿಫ್ಟಿನಲ್ಲೂ ಇರುತ್ತದೆ, ಆದರೆ ಅದು ಸತ್ತಿರುವುದು ಗೊತ್ತಾಗುವುದು ಒಳಗೆ ಸಿಕ್ಕಿಕೊಂಡ ಮೇಲೆಯೇ. ಮಂಡಳಿ ಎರಡು ಹೋಳಾಗಿತ್ತು. ಕೊನೆಯ ಮಾತು ಅವಳದು.

ಆ ಎರಡನೇ ಪ್ರಸ್ತಾಪವನ್ನು ಮೊದಲು ಓದಿದ ದಿನವೇ ಅವಳಿಗೆ ಅದರ ತಾಯಿ ಯಾರೆಂದು ಗೊತ್ತಾಗಿತ್ತು. ಹಗುರವಾಗಿದ್ದರೆ ಮೇಲೆ, ಭಾರವಾಗಿದ್ದರೆ ಕೆಳಗೆ. ಮೆಟ್ಟಿಲ ಮೇಲೆ ಕೂತು ಡಬ್ಬಿಯ ಊಟ ಹಂಚಿಕೊಳ್ಳುತ್ತ ದೊಡ್ಡಕ್ಕ ಬೆರಳಲ್ಲಿ ಗಾಳಿಯಲ್ಲೇ ಚಿತ್ರ ಬರೆದಿದ್ದಳು. ನೋಡೇ, ಲಿಫ್ಟಿನ ಇನ್ನೊಂದು ತುದಿಗೆ ಎದುರು ತೂಕ ಕಟ್ಟಿರ್ತೀವಿ. ಒಳಗೆ ಒಬ್ಬಿಬ್ಬರೇ ಇದ್ದರೆ ಆ ತೂಕವೇ ಭಾರ, ಬ್ರೇಕನ್ನು ಚೂರುಚೂರೇ ಸಡಿಲಿಸಿದರೆ ಲಿಫ್ಟು ತಾನಾಗಿ ಮೇಲೆ ಹೋಗುತ್ತೆ. ಜನ ತುಂಬಿದ್ದರೆ ಕೆಳಗೆ ಬರುತ್ತೆ. ಕರೆಂಟು ಯಾಕೆ ಬೇಕು? ಆಮೇಲೆ ಡಬ್ಬಿ ಮುಚ್ಚುತ್ತ, ತನ್ನಷ್ಟಕ್ಕೆ ಎಂಬ ಹಾಗೆ, ಒಂದೇ ಒಂದು ಕಡೆ ಸಿಕ್ಕಿಕೊಂಡಿದೀನಿ ಕಣೆ, ಎರಡೂ ಕಡೆ ಸಮ ತೂಕ ಬಿದ್ದರೆ ಅದು ಅಲ್ಲಾಡಲ್ಲ, ಅದಕ್ಕೇನಾದ್ರೂ ಹುಡುಕ್ತೀನಿ, ಯಾರಿಗೂ ಹೇಳಬೇಡ ಎಂದಿದ್ದಳು. ಯಾರಿಗೂ ಹೇಳಲಿಲ್ಲ, ದೊಡ್ಡಕ್ಕ ಅದಕ್ಕೆ ಹಣ ಕೇಳಿದ ಸಭೆಯ ದಿನದವರೆಗೆ. ಸಭೆಯ ಹಿಂದಿನ ಸಂಜೆ ಕೈತೊಳೆಯುವ ತೊಟ್ಟಿಯ ಬಳಿ ಯಾರೋ ಒಬ್ಬ, ನಾಳೆ ಅಕ್ಕ ಕೇಳ್ತಾಳೆ, ತಂಗಿ ಕೊಡ್ತಾಳೆ, ಇನ್ನು ಇದು ಅಕ್ಕತಂಗಿ ಕಂಪನಿ ಎಂದಿದ್ದ. ಗೋಡೆಯ ಈಚೆ ಅವಳಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಅಂದನೋ. ಅಷ್ಟು ಸಣ್ಣ ಮಾತು. ಈಗ ನೆನೆದರೆ ಅವನ ಮುಖವೂ ಸರಿಯಾಗಿ ಬರುವುದಿಲ್ಲ, ನಲ್ಲಿಯಿಂದ ನೀರು ಸುರಿಯುತ್ತಿದ್ದ ಸದ್ದು ಮಾತ್ರ ಇದೆ. ಮಾರನೆಯ ದಿನ ದೊಡ್ಡಕ್ಕ ವಿವರಿಸಿ ಮುಗಿಸಿದಾಗ ಲೆಕ್ಕಪತ್ರದವರದು ಏನಾದರೂ ಇದೆಯಾ ಎಂದು ದೊಡ್ಡ ಯಜಮಾನರು ಕೇಳಿದರು. ಇವಳು ಎದ್ದು ನಿಂತು, “ಸಮ ತೂಕ ಬಿದ್ದರೆ?” ಎಂದಳು.

ಅಷ್ಟೇ. ಮೂರೇ ಪದ. ಅಕ್ಕನ ಲಿಫ್ಟು ತಕ್ಕಡಿ ಥರ ನಿಂತುಬಿಡುತ್ತೆ ಎಂದು ಯಾರೋ ಹೇಳಿ ಕೋಣೆಯೆಲ್ಲ ನಕ್ಕಿತು. ದೊಡ್ಡಕ್ಕ ಇವಳ ಕಡೆ ನೋಡಿದಳು. ಕೋಪದಿಂದಲ್ಲ, ಮನೆ ಬಿಟ್ಟು ಹೊರಟವರು ಒಲೆ ಆರಿಸಿದೆನಾ ಎಂದು ತಿರುಗಿ ನೋಡುವ ಹಾಗೆ. ಹಣ ಕೊಡುವುದು ಬೇಡವೆಂದಾಯಿತು. ಆ ವರ್ಷವೇ ದೊಡ್ಡಕ್ಕ ಕಂಪನಿ ಬಿಟ್ಟಳು. ಇವಳಿಗೆ ಎಲ್ಲಿ ಕತ್ತರಿಸಬೇಕೆಂದು ಗೊತ್ತಿದೆ ಎಂಬ ಹೆಸರು ಬಂತು. ಒಂದೊಂದು ‘ಬೇಡ’ಕ್ಕೂ ಒಂದೊಂದು ಮೆಟ್ಟಿಲು ಮೇಲೆ ಹೋದಳು. ಚಿಕ್ಕಕ್ಕ ಹೋಗಿ ಬೆನ್ನ ಹಿಂದೆ ‘ಕತ್ತರಿ’ ಆದಳು. ಮುಂದೆ, ಈ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸೂ ಆದಳು. ದೊಡ್ಡಕ್ಕನಿಗೆ ಗಂಟಲಿನ ಕಾಯಿಲೆಯಾಗಿ ಧ್ವನಿಪೆಟ್ಟಿಗೆ ತೆಗೆದರೆಂದು ಯಾರಿಂದಲೋ ತಿಳಿದಾಗ ಅವಳು ಒಂದು ಹೂಗುಚ್ಛ ಕಳಿಸಿದ್ದಳು. ಕಂಪನಿಯ ಹೆಸರಿನಲ್ಲಿ. ಹೋಗಬೇಕೆಂದು ಒಂದು ದಿನ ಆಸ್ಪತ್ರೆಯವರೆಗೂ ಹೋಗಿ, ಅಲ್ಲಿಯ ಲಿಫ್ಟಿನಲ್ಲಿ ಆ ಧ್ವನಿಯೇ ಬಾಗಿಲು ತೆರೆಯುತ್ತಿದೆ ಎಂದಾಗ, ಹೊರಟ ಕಾಲು ಹಾಗೇ ಹಿಂದಕ್ಕೆ ಬಂದಿತ್ತು. ಮೆಟ್ಟಿಲು ಶುರುವಾದದ್ದು ಅವತ್ತಿನಿಂದ.

ಚಿಕ್ಕ ಯಜಮಾನರು ಅವಳ ಕೋಣೆಗೆ ತಾವೇ ಬಂದರು. ಮುದುಕರ ಮಗ, ಸ್ವಂತ ತಲೆ ಬೆಳ್ಳಗಾಗಿ ಮೊಮ್ಮಕ್ಕಳಾಗಿದ್ದರೂ ಕಂಪನಿಗೆ ಇನ್ನೂ ಚಿಕ್ಕವರೇ. ಮಂಡಳಿಯ ಅಧ್ಯಕ್ಷರು. ಮಂಡಿಯ ವಿಚಾರ ಕೇಳಿ, ಎಣ್ಣೆಯೊಂದರ ಹೆಸರು ಹೇಳಿ, ಫೋನು ತೆಗೆದು ಹೊಸ ಧ್ವನಿಯನ್ನು ಕೇಳಿಸಿದರು. ನಮಸ್ಕಾರ ಮೇಡಂ, ಇವತ್ತು ನೀವು ತುಂಬ ಲವಲವಿಕೆಯಿಂದಿದ್ದೀರಿ ಎಂದಿತು ಅದು. ಕೆತ್ತಿದ ಹಾಗೆ ಸ್ವಚ್ಛ. ಅವಳು ಕಿವಿಗೊಟ್ಟು ಕಾದಳು: ಮಾತಿನ ಮೊದಲು ಉಸಿರಿಲ್ಲ. ಒಂದು ಕ್ಷಣ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ತಲೆ ಅಲ್ಲಾಡಿಸಿದರೆ ಸಾಕು. ಊರಿನ ಲಿಫ್ಟುಗಳಿಂದೆಲ್ಲ ಆ ಹೆಂಗಸನ್ನು ಒಂದೊಂದಾಗಿ ಕಿತ್ತು ಹೊರಗೆ ಹಾಕುತ್ತಾರೆ. ಎಂಟನೇ ಮಹಡಿ ಬರೀ ಎಂಟನೇ ಮಹಡಿಯಾಗುತ್ತದೆ. ಅವಳು ಮತ್ತೆ ಎಲ್ಲರ ಹಾಗೆ ಲಿಫ್ಟಿನಲ್ಲಿ ಹತ್ತಿ ಇಳಿಯಬಹುದು. ಇದನ್ನು ಬಯಸುತ್ತಿದ್ದೇನೆ ಎಂದು ಅನ್ನಿಸಿದ್ದೇ ಅವಳು ಫೋನಿನಿಂದ ಮುಖ ತಿರುಗಿಸಿದಳು.

“ನಿಮ್ಮ ಕತ್ತರಿ ಇವತ್ತು ಹರಿತವಾಗಿರಲಿ ಮೇಡಂ,” ಎಂದು ಎದ್ದರು ಚಿಕ್ಕ ಯಜಮಾನರು. “ಆ ಹುಡುಗಿಗೆ ದುಡ್ಡು ಕೊಟ್ರೆ ಜನ ಏನಂತಾರೆ ನಿಮಗೆ ಗೊತ್ತಲ್ಲ. ನಾನನ್ನಲ್ಲಪ್ಪ. ಜನ.”

ಮುದುಕರು ಇಟ್ಟುಹೋದ ಪದ್ಧತಿಯೊಂದು ಕಂಪನಿಯಲ್ಲಿ ಉಳಿದಿತ್ತು. ಹೊಸದಕ್ಕೆ ಹಣ ಕೊಡುವವರು ಅದನ್ನು ಮಾಡಿದವರ ಜೊತೆ ಗೋಪುರದಲ್ಲಿ ಮೊದಲು ತಾವೇ ಹತ್ತಿ ನೋಡಬೇಕು. ಬೀಳುವುದಾದರೆ ಇಬ್ಬರೂ ಬೀಳೋಣ ಎನ್ನುತ್ತಿದ್ದರು ಮುದುಕರು. ವರ್ಷಗಳು ಕಳೆದಂತೆ ಅದು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಇಳಿದಿತ್ತು. ಅವಳೂ ಅಷ್ಟಕ್ಕೇ ಸಿದ್ಧಳಾಗಿ ಹೋದಳು. ಹುಡುಗಿ ಬಾಗಿಲ ಬಳಿ ಕಾಯುತ್ತಿದ್ದಳು. ಅಂಗೈಗೆ ಗ್ರೀಸು ಮೆತ್ತಿ, ಎಡಗಿವಿಯ ಮೇಲೂ ಒಂದು ಗೆರೆ. ಫೋಟೋದವರನ್ನು ಹೊರಗೇ ನಿಲ್ಲಿಸಿ, ನಿಜವಾಗಲೂ ಹತ್ತಬೇಕು ಮೇಡಂ, ನಡುವೆ ಕರೆಂಟು ತೆಗೆಸ್ತೀನಿ ಎಂದಳು. ಅಷ್ಟು ನೇರವಾಗಿ ಅವಳ ಜೊತೆ ಯಾರೂ ಮಾತಾಡಿ ಬಹಳ ಕಾಲವಾಗಿತ್ತು. ಒಳಗೆ ಕಾಲಿಟ್ಟಾಗ ಹಳೆಯ ಧೂಳಿನ ವಾಸನೆ ಬಂತು. ಅದೇ ಕ್ಯಾಬಿನ್ನು. ತಗಡಿಗೆ ಬೇರೆ ಬಣ್ಣ ಬಳಿದಿದ್ದರು, ಅಷ್ಟೇ. ಬಾಗಿಲು ಮುಚ್ಚುತ್ತಿದೆ ಎಂದಿತು ಧ್ವನಿ, ಎಲ್ಲಿ ಹುಟ್ಟಿತ್ತೋ ಅಲ್ಲೇ. ಸ್ವಲ್ಪ ದೂರ ಏರುತ್ತಿದ್ದಂತೆ ಟಕ್ಕೆಂದು ದೀಪ ಹೋಯಿತು, ಗಾಳಿಯ ಸದ್ದು ನಿಂತಿತು, ಎಲ್ಲ ನಿಂತಿತು. ಕಂಬಳಿ ಹೊದಿಸಿದ ಹಾಗೆ ಕತ್ತಲೆ. ಧ್ವನಿ ಏನಾದರೂ ಹೇಳುತ್ತದೆಂದು ಅವಳು ಕಾದಳು. ಕರೆಂಟಿಲ್ಲದಾಗ ಅದಕ್ಕೂ ಬಾಯಿಲ್ಲ ಎಂಬುದು ಆಮೇಲೆ ಹೊಳೆಯಿತು. ಆ ಮೌನ ಧ್ವನಿಗಿಂತ ಕೆಟ್ಟದಾಗಿತ್ತು. ಮಾತಾಡಬೇಕಾದವರು ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಂತೆ.

ಹೆದರಿಕೆ ಆಗ್ತಿದ್ಯಾ ಮೇಡಂ ಎಂದಳು ಹುಡುಗಿ ಕತ್ತಲಲ್ಲಿ. ಇಲ್ಲ ಎಂದಳು ಅವಳು. ನಾವಿಬ್ಬರೇ ಅಲ್ವಾ, ಮೇಲೆ ಹೋಗುತ್ತೆ, ಈಗ ನೋಡಿ ಎಂದಿತು ಹುಡುಗಿಯ ದನಿ. ಕಾಲ ಕೆಳಗೆ ನೆಲ ಒಂದು ಸಲ ನಿಟ್ಟುಸಿರಿಟ್ಟ ಹಾಗಾಗಿ, ಲಿಫ್ಟು ಸದ್ದಿಲ್ಲದೆ, ನಿದ್ದೆಯಲ್ಲಿರುವ ಮಗುವನ್ನು ಎತ್ತಿದಷ್ಟು ಮೆಲ್ಲಗೆ, ಮೇಲಕ್ಕೆ ಸರಿಯತೊಡಗಿತು. ಇಬ್ಬರು ಹೆಂಗಸರ ಭಾರಕ್ಕೆ. ಅವಳು ಗೋಡೆಗೆ ಅಂಗೈ ಒತ್ತಿದಳು. ಹುಡುಗಿ ಮಾತಾಡುತ್ತಲೇ ಇದ್ದಳು, ಕತ್ತಲೆ ಅವಳಿಗೆ ಸಲಿಗೆ ಕೊಟ್ಟಿತ್ತು. ಇದು ಪೂರ್ತಿ ತನ್ನದಲ್ಲ, ಸಭೆಯಲ್ಲಿ ಹೇಳಲು ಅವರೇ ಬೇಡ ಅಂದರು, ಆದರೆ ನಿಮಗೆ ಹೇಳದಿದ್ದರೆ ತಪ್ಪಾಗುತ್ತೆ. ಮೊದಲು ಇಲ್ಲಿ ದೊಡ್ಡಕ್ಕ ಅಂತ ಇದ್ದರಂತಲ್ಲ, ಅವರ ಮನೆಗೆ ವಾರ ವಾರ ಹೋಗ್ತೀನಿ. ಗಂಟಲಲ್ಲಿ ಸಣ್ಣ ತೂತಿದೆ, ಬೆರಳು ಒತ್ತಿ ಗಾಳಿ ಬಿಟ್ಟು ಮಾತಾಡ್ತಾರೆ, ಬೇರೆಯವರಿಗೆ ಅರ್ಥ ಆಗಲ್ಲ, ನನಗೆ ರೂಢಿಯಾಗಿದೆ. ಸಮ ತೂಕದ ಪ್ರಶ್ನೆ ಬಂದೇ ಬರುತ್ತೆ, ಕೇಳೋರು ಯಾರು ಅಂತಲೂ ನನಗೆ ಗೊತ್ತು ಅಂದಿದ್ರು. ಅದಕ್ಕೇ ಒಂದು ಸ್ಪ್ರಿಂಗು ಹಾಕಿದೀವಿ. ಲಿಫ್ಟು ದಿನವಿಡೀ ಓಡಾಡುವಾಗ ತಾನೇ ಸುತ್ತಿಕೊಂಡಿರುತ್ತೆ, ಸಮ ತೂಕ ಬಿದ್ದರೆ ಒಂದು ಸಲ ತಳ್ಳುತ್ತೆ. ಒಂದು ಸಣ್ಣ ತಳ್ಳು ಸಾಕು ಮೇಡಂ.

“ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?” ಅವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ.

“ಕೇಳಿದ್ರು. ಈಗ್ಲೂ ಧೂಳಿಗೆ ಸೀನ್ತಾಳಾ ಅಂತ.”

ಲಿಫ್ಟು ಏರುತ್ತಲೇ ಇತ್ತು. ಹುಡುಗಿ ನಕ್ಕಳು. ಅವರದೊಂದು ವಿಚಿತ್ರ ಇದೆ ಮೇಡಂ ಎಂದು ಮುಂದುವರಿಸಿದಳು. ಮನೆ ಇರೋದು ಮೂರನೇ ಮಹಡೀಲಿ. ಸಂಜೆ ತೋಟದಲ್ಲಿ ಕೂತಿದ್ದು ವಾಪಸ್ ಬರುವಾಗ ಮೂರಕ್ಕೆ ಇಳಿಯಲ್ಲ, ಎಂಟಕ್ಕೆ ಹೋಗ್ತಾರೆ. ಅಲ್ಲಿ ಯಾರೂ ಪರಿಚಯದವರಿಲ್ಲ. ಬಾಗಿಲು ತೆರೆಯುತ್ತೆ, ಮುಚ್ಚುತ್ತೆ, ವಾಪಸ್ ಕೆಳಗೆ ಬರ್ತಾರೆ. ಒಂದೊಂದು ಸಲ ಮನೇಲಿ ಬೇಜಾರಾದ್ರೂ ಹೋಗಿ ಬರ್ತಾರೆ. ಯಾಕೆ ಅಂತ ಕೇಳಿದ್ರೆ ಸುಮ್ನೆ ನಗ್ತಾರೆ. ನಕ್ಕರೂ ಸದ್ದು ಬರಲ್ಲ ನೋಡಿ, ಭುಜ ಮಾತ್ರ ಅಲ್ಲಾಡುತ್ತೆ. ಅಷ್ಟರಲ್ಲಿ ಬಾಗಿಲು ತಾನಾಗಿ ಬಿರಿದು, ಬೆಳಕು ಬಿದ್ದು, ಮೆಟ್ಟಿಲು ಹತ್ತಿ ಬಂದು ಹೊರಗೆ ಕಾಯುತ್ತಿದ್ದವರು ಚಪ್ಪಾಳೆ ತಟ್ಟಿದರು. ಫೋಟೋದವನು ಮೇಡಂ ಇತ್ತ ನೋಡಿ ಎಂದ. ಅವಳು ನೋಡಿದಳು. ಆ ಫೋಟೋದಲ್ಲಿ ಅವಳ ಕಣ್ಣಿಂದ ನೀರು ಬರುತ್ತಿತ್ತು, ಧೂಳು ಎಂದುಕೊಂಡರು ಎಲ್ಲರೂ.

ಸಭೆಯಲ್ಲಿ ಅವಳು ಚೆನ್ನಾಗಿ ಮಾತಾಡಿದಳು. ಅದು ಅವಳಿಗೇ ಆಶ್ಚರ್ಯ. ಉದ್ದನೆಯ ಮೇಜು, ಗಾಜಿನ ಲೋಟಗಳು, ಯಾರೋ ಕಾಲು ಕುಣಿಸುತ್ತಿದ್ದುದರಿಂದ ಲೋಟಗಳ ನೀರು ಸಣ್ಣಗೆ ನಡುಗುತ್ತಿತ್ತು. ಹುಡುಗಿಯನ್ನು ಕೂರಿಸಿ, ಸಾಧನದ ಬಗ್ಗೆ ತಾನೇ ಹೇಳಿದಳು. ಧ್ವನಿ ಕಾಯಬಹುದು, ಸಿಕ್ಕಿಕೊಂಡವರು ಕಾಯಲಾರರು ಎಂದಳು. ಮಂಡಳಿಯ ಸದಸ್ಯರೊಬ್ಬರು ಕನ್ನಡಕ ಹಣೆಗೇರಿಸಿ, ಸಮ ತೂಕ ಬಿದ್ದರೆ ಎಂದು ಕೇಳಿದರು. ಮೂರೇ ಪದ. ಅದೇ ಕೋಣೆ. ಅವಳಿಗೆ ಒಂದು ಗಳಿಗೆ ಕೇಳಿದ್ದು ತಾನೇ ಎನ್ನಿಸಿ, ಕೇಳಿದವರ ಬಾಯಿಯತ್ತ ನೋಡಿ ಖಚಿತಪಡಿಸಿಕೊಂಡಳು. ಆಮೇಲೆ ಸ್ಪ್ರಿಂಗಿನ ಮಾತು ಹೇಳಿದಳು, ಒಂದು ಸಣ್ಣ ತಳ್ಳು ಸಾಕು ಎಂದಳು. ಇದನ್ನು ಯೋಚಿಸಿದವರು ಇಬ್ಬರು, ಒಬ್ಬರು ಇಲ್ಲಿ ಕೂತಿದ್ದಾರೆ, ಇನ್ನೊಬ್ಬರು ಬಹಳ ಹಿಂದೆ ಈ ಕೋಣೆಯಲ್ಲೇ ನಿಂತು ಇದನ್ನೇ ಹೇಳಿದ್ದರು, ನಾವು ನಕ್ಕೆವು ಎಂದೂ ಹೇಳಿದಳು. ನಾವು ಎಂದಳು. ನಾನು ಎನ್ನಲು ನಾಲಿಗೆ ಹೊರಳಲಿಲ್ಲ. ಅಷ್ಟಾದರೂ ಹೇಳಿದೆನಲ್ಲ ಎಂಬ ಸಮಾಧಾನ, ಅಷ್ಟೇ ಹೇಳಿದೆನಲ್ಲ ಎಂಬ ಹೇಸಿಗೆ, ಎರಡೂ ಎದುರುಬದುರು ಕೂತವು. ಕತ್ತರಿ ಹೂ ಕಟ್ಟೋಕೆ ಶುರುಮಾಡಿತಲ್ಲ ಎಂದು ಯಾರೋ ಮೆಲ್ಲಗಂದರು. ಅವಳು ಕೇಳಿಸದ ಹಾಗೆ ಇರಲಿಲ್ಲ; ಅವರತ್ತ ತಿರುಗಿ ಹೌದು ಎಂದಳು. ಕಾಲು ಕುಣಿಸುವುದು ನಿಂತಿತು. ಹಣ ಹುಡುಗಿಗೆ ಎಂದಾಯಿತು.

ಆಗ ಚಿಕ್ಕ ಯಜಮಾನರು ಎದ್ದು ನಕ್ಕರು. ಅವರು ಸೋತಾಗ ಬಹಳ ಉದಾರಿಯಾಗುತ್ತಾರೆ. ಹೆಣ್ಣುಮಕ್ಕಳ ಕೈಗೆ ಕಂಪನಿ ಕೊಟ್ಟರೆ ಹೊಸತನ ತಾನಾಗಿ ಬರುತ್ತದೆಂದು ಅಪ್ಪ ಹೇಳುತ್ತಿದ್ದರು ಎಂದರು; ಅಪ್ಪ ಎಂದೂ ಹಾಗೆ ಹೇಳಿರಲಿಲ್ಲ. ಆಮೇಲೆ, ಮೇಡಂ ಇಷ್ಟು ದೊಡ್ಡ ಮನಸ್ಸು ಮಾಡಿದಾಗ ನಾನು ಸಣ್ಣವನಾಗಲಾರೆ, ಜಾಹೀರಾತಿನ ಹಣದಲ್ಲಿ ಒಂದಿಷ್ಟು ಇತ್ತ ಸರಿಸಿದರೆ ಹೊಸ ಧ್ವನಿಯೂ ಆಗಿಹೋಗುತ್ತದೆ, ಎರಡೂ ಮಾಡೋಣ, ಬರುವ ವಾರದಿಂದಲೇ ಹಳೆಯ ಕಟ್ಟಡಗಳ ಕಾರ್ಡು ಬದಲಿಸಲು ಶುರು ಎಂದರು. ಮೇಜಿನ ಸುತ್ತ ತಲೆಗಳು ಆಡಿದವು. ಎಲ್ಲರಿಗೂ ಗೆದ್ದ ಸಂತೋಷ. ಹುಡುಗಿಯೂ ಚಪ್ಪಾಳೆ ತಟ್ಟುತ್ತಿದ್ದಳು. ಅವಳೊಬ್ಬಳೇ ಕೈ ಮೇಜಿನ ಮೇಲಿಟ್ಟು ಕೂತಿದ್ದನ್ನು ನೋಡಿ ಚಿಕ್ಕ ಯಜಮಾನರು ಬಾಗಿ, ನಿಜಕ್ಕೂ ತಿಳಿಯುವ ಆಸೆಯಿಂದಲೇ ಕೇಳಿದರು.

“ಯಾಕೆ ಮೇಡಂ, ಹಳೇ ಧ್ವನಿ ಉಳಿಸ್ಕೊಳ್ಳೋಕೆ ಏನಾದ್ರೂ ಕಾರಣ ಇದ್ಯಾ?”

ಕಾರಣ. ಯಾವುದನ್ನಾದರೂ ಕತ್ತರಿಸಲು ಅವಳಿಗೆ ನಿಂತ ನಿಲುವಿನಲ್ಲಿ ಹತ್ತು ಕಾರಣ ಸಿಗುತ್ತಿದ್ದವು; ಅದೇ ಅವಳ ಅನ್ನ. ಉಳಿಸಲು ಒಂದು ಬೇಕಾಗಿತ್ತು. ಗಿರಾಕಿಗಳಿಗೆ ರೂಢಿಯಾಗಿದೆ ಎನ್ನಬಹುದಿತ್ತು. ಮುದುಕರಿಗೆ ಕಿವಿ ಹೊಂದಿದೆ ಎನ್ನಬಹುದಿತ್ತು. ಅಥವಾ, ಎಂಟನೇ ಮಹಡಿಯ ತುದಿಯಲ್ಲಿ ಒಂದು ನಗು ಸಿಕ್ಕಿಕೊಂಡಿದೆ, ದನಿಯಿಲ್ಲದ ಒಬ್ಬ ಹೆಂಗಸು ತನ್ನ ದನಿಯನ್ನು ನೋಡಲು ಸಂಜೆಯಾದರೆ ಅಲ್ಲಿಗೆ ಹೋಗಿ ಬರುತ್ತಾಳೆ ಎಂದು ಎದ್ದುನಿಂತು ಹೇಳಬಹುದಿತ್ತು. ಹೇಳಿದರೆ ಆ ಕಣ್ಣುಗಳೆಲ್ಲ ಏನಾಗುತ್ತವೆಂದು ಅವಳು ಆಗಲೇ ಕಂಡಳು: ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ, ಒಬ್ಬರನ್ನೊಬ್ಬರು ನೋಡಿಕೊಂಡು, ಅಕ್ಕತಂಗಿ ಕಂಪನಿ. ನಲ್ಲಿಯ ನೀರು ಎಲ್ಲೋ ಸುರಿಯತೊಡಗಿತು.

“ಇಲ್ಲ,” ಎಂದಳು. “ಕಾರಣ ಏನಿಲ್ಲ.”

ಸಿಹಿ ಹಂಚಿದರು. ಕೈಕುಲುಕಿದರು. ಹುಡುಗಿ ಓಡಿಬಂದು, ಗ್ರೀಸಿನ ಕೈಯೆಂಬುದನ್ನು ಮರೆತು ಅವಳ ಎರಡೂ ಕೈ ಹಿಡಿದುಕೊಂಡು, ಈಗಲೇ ಹೋಗಿ ದೊಡ್ಡಕ್ಕನಿಗೆ ಹೇಳಬೇಕು ಮೇಡಂ ಎಂದಳು. ಅವಳು ತಡೆದಳು. ವಿಳಾಸ ಕೊಡು, ನಾನೇ ಹೇಳುತ್ತೇನೆ ಎಂದಳು. ಹುಡುಗಿಯ ಮುಖದಲ್ಲಿ ಮೂಡಿದ ಗೌರವವನ್ನು ನೋಡಲಾಗದೆ ಕೈಚೀಲ ಹುಡುಕಿಕೊಂಡಳು.

ಕಟ್ಟಡ ಹಳೆಯದು. ಕೆಳಗೆ ಸಣ್ಣ ತೋಟ, ಎರಡು ಕಲ್ಲುಬೆಂಚು, ಒಂದರ ಮೇಲೆ ಯಾರೋ ಮರೆತುಹೋದ ಮಗುವಿನ ಚಪ್ಪಲಿ. ಇನ್ನೂ ಬೆಳಕಿತ್ತು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕಾವಲುಗಾರ ಯಾರ ಮನೆಗೆ ಎಂದು ಕೇಳಿದ. ಮೂರನೇ ಮಹಡಿಗೆ, ದೊಡ್ಡಕ್ಕನ ಮನೆಗೆ ಎಂದಳು, ಆ ಹೆಸರನ್ನು ಬಾಯಲ್ಲಿ ಹೇಳಿ ಎಷ್ಟು ಕಾಲವಾಗಿತ್ತು. ಆಗಲೇ ಮೇಲೆ ಹೋದರಲ್ಲ ಎಂದು ಹೇಳಿ, ಅವಳು ಮೆಟ್ಟಿಲ ಕಡೆ ಕುಂಟುವುದನ್ನು ಕಂಡು, ಲಿಫ್ಟಿದೆಯಲ್ಲ ಎಂದ. ಲಿಫ್ಟಿತ್ತು. ಮೂಲೆಯಲ್ಲಿ ಅದೇ ಹಿತ್ತಾಳೆ ಫಲಕ, ಸವೆದು ಅಕ್ಷರ ಕಾಣದಂತಾಗಿತ್ತು. ಒಳಗೆ ನಿಂತು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಇನ್ನೊಂದು ಸಲ ಹೇಳಿಕೊಂಡಳು. ಅಕ್ಕ, ನಿಮ್ಮ ಸಾಧನಕ್ಕೆ ಹಣ ಆಯ್ತು. ಅಕ್ಕ, ಅವತ್ತು ಕೇಳಿದವಳು ನಾನು. ಮೊದಲನೆಯದು ಸಂತೋಷದ ಸುದ್ದಿ, ಎರಡನೆಯದು ಅಕ್ಕನಿಗೆ ಗೊತ್ತೇ ಇದೆ. ಕಷ್ಟದ್ದು ಮೂರನೆಯದು, ಒಂದು ಸಂಜೆ ನೀವು ಎಂಟಕ್ಕೆ ಹೋದಾಗ ಅಲ್ಲಿ ಬೇರೆ ಯಾರೋ ಇರುತ್ತಾರೆ, ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ, ಅವರಿಗೆ ಉಸಿರಿಲ್ಲ, ಅದನ್ನು ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಇದನ್ನು ಯಾವ ದನಿಯಲ್ಲಿ ಹೇಳುವುದು.

ಬೆರಳು ಮೂರರ ಗುಂಡಿಯ ಹತ್ತಿರ ಹೋಯಿತು. ಹೋಗಿ, ಎಂಟನ್ನು ಒತ್ತಿತು. ಒಮ್ಮೆ ಕೇಳಿಬಿಡೋಣ, ಮೆಟ್ಟಿಲಲ್ಲಿ ಓಡಿಹೋಗದೆ, ಕೀಲಿಕೈ ಅಲುಗಿಸದೆ, ಪೂರ್ತಿ ಕೇಳಿ ಆಮೇಲೆ ಕೆಳಗೆ ಬರೋಣ ಎಂದುಕೊಂಡಳು. ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ. ಅದಕ್ಕೆ ಮೊದಲಿನ ಉಸಿರೂ ಕೇಳಿಸಿತು. ಆಯ್ತಕ್ಕ, ನಿಂತೆ ಎಂದು ಬಾಯಿಂದ ತಾನಾಗಿ ಬಂತು. ಲಿಫ್ಟು ಏರಿತು. ಒಂದನೇ ಮಹಡಿ. ಎರಡನೇ ಮಹಡಿ. ಅಲ್ಲಿಂದ ಮುಂದೆ, ಅವಳು ಒತ್ತದಿದ್ದರೂ, ಅದು ನಿಧಾನವಾಯಿತು. ಹೊರಗಿನಿಂದ ಯಾರೋ ಕರೆದಿದ್ದರು. ಮೇಲಕ್ಕೆ ಎಂಬ ಬಾಣದ ದೀಪ ಒಳಗೂ ಹತ್ತಿಕೊಂಡಿತ್ತು. ಮೂರನೇ ಮಹಡಿ ಎಂದಿತು ಧ್ವನಿ. ಕಂಬಳಿಯೊಳಗೆ ಹಿಡಿದ ಹಾಗೆ ಅವಳು ಉಸಿರು ಬಿಗಿಹಿಡಿದಳು. ಬಾಗಿಲು ತೆರೆಯುತ್ತಿದೆ ಎಂದಳು ದೊಡ್ಡಕ್ಕ ತಲೆಯ ಮೇಲಿನಿಂದ, ಕೈಹಿಡಿದು ಪಕ್ಕಕ್ಕೆ ಸರಿಸುವ ಆ ಸಲಿಗೆಯಲ್ಲೇ, ಮತ್ತು ಎರಡು ತಗಡುಗಳ ನಡುವಿನ ಸಂದಿನಲ್ಲಿ ಮೊದಲು ಕಂಡದ್ದು ಗಂಟಲಿಗೆ ಸುತ್ತಿದ ಒಂದು ಬಿಳಿಯ ವಸ್ತ್ರ, ಅದರ ಕಡೆಗೆ ಏಳುತ್ತಿದ್ದ ಒಂದು ಬೆರಳು.